ಹಾಲು ಬಿಡಿಸಿದ ಹಂದಿಮರಿಗೆ ಯಾವ ಪ್ರೋಟೀನ್? ಮಂಡ್ಯ, ಮೈಸೂರು ಕಡೆಯ ಸಾಕಣೆದಾರರಿಗೆ ಒಂದು ಹೋಲಿಕೆ

ಫೀಡ್ ಅಂಗಡಿಗೆ ಹೋದವರು ಮೊದಲು ಕೇಳುವುದೇ "ಪ್ರೋಟೀನ್ ಎಷ್ಟು ಪರ್ಸೆಂಟ್?" ಅಂತ. ಅಂಗಡಿಯವರು ಚೀಲ ತಿರುಗಿಸಿ 20 ಅಂತಲೋ 22 ಅಂತಲೋ ತೋರಿಸುತ್ತಾರೆ. ಜಾಸ್ತಿ ಇರುವುದನ್ನು ಎತ್ತಿಕೊಂಡು ಬರುತ್ತೇವೆ. ದೊಡ್ಡ ಹಂದಿಗೆ ಈ ಲೆಕ್ಕ ಹೇಗೋ ನಡೆದುಹೋಗುತ್ತದೆ. ಈಗಷ್ಟೇ ತಾಯಿ ಬಿಟ್ಟ ಮರಿಗೆ ನಡೆಯುವುದಿಲ್ಲ. ಜಾಸ್ತಿ ಪ್ರೋಟೀನ್ ತಿಂದು ಬೇಧಿ ಹತ್ತಿಸಿಕೊಂಡು, ಬೆನ್ನುಮೂಳೆ ಕಾಣುವಂತೆ ಬಡಕಲಾಗುವ ಮರಿಗಳು ನಮ್ಮ ಕಡೆಯ ಶೆಡ್ಡುಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅಲ್ಲಿ ಪ್ರೋಟೀನ್ ಕಡಿಮೆಯಾಗಿರುವುದಿಲ್ಲ. ಪ್ರೋಟೀನಿನ ಒಂದು ತುಣುಕಾದ ಲೈಸಿನ್ ಕಡಿಮೆಯಾಗಿರುತ್ತದೆ, ಇಲ್ಲವೇ ಇದ್ದದ್ದು ಅರಗಿರುವುದಿಲ್ಲ.

ಹಾಗಾಗಿ ಈ ಹೋಲಿಕೆಯಲ್ಲಿ ಎಲ್ಲ ಆಯ್ಕೆಗಳನ್ನೂ ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ. ಮರಿಯ ಹೊಟ್ಟೆಗೆ ಅರಗುವ ಲೈಸಿನ್ ಇದರಲ್ಲಿ ಎಷ್ಟಿದೆ? ಅದರ ಜೊತೆ ಇರಬೇಕಾದ ಉಳಿದ ಅಮೈನೋ ಆಮ್ಲಗಳು, ಅಂದರೆ ಪ್ರೋಟೀನ್ ಕಟ್ಟುವ ತುಣುಕುಗಳು, ಅಳತೆಗೆ ತಕ್ಕಂತೆ ಇವೆಯಾ?

ಲೈಸಿನ್ನಿಂದಲೇ ಯಾಕೆ ಶುರು?

ಮಾಂಸ ಕಟ್ಟಲು 20 ಬಗೆಯ ಅಮೈನೋ ಆಮ್ಲ ಬೇಕು. ಕೆಲವನ್ನು ಮರಿಯ ಮೈ ತಾನೇ ಮಾಡಿಕೊಳ್ಳುತ್ತದೆ. ಉಳಿದವು ತಿನ್ನುವುದರಲ್ಲೇ ಸಿಗಬೇಕು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುವವರನ್ನು ನೋಡಿರುತ್ತೀರಿ. ಇಷ್ಟು ಮಲ್ಲಿಗೆ, ಇಷ್ಟು ಕನಕಾಂಬರ, ನಡುವೆ ಮರುಗ ಅಂತ ಲೆಕ್ಕ ಹಿಡಿದು ಕಟ್ಟುತ್ತಾರೆ. ಕನಕಾಂಬರ ಮುಗಿದುಹೋದರೆ, ಬುಟ್ಟಿ ತುಂಬ ಮಲ್ಲಿಗೆ ಇದ್ದರೂ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಮುಸುಕಿನ ಜೋಳ, ಅಕ್ಕಿ, ಹಿಂಡಿ ಹಾಕಿ ಮಾಡುವ ನಮ್ಮ ಹಂದಿ ಆಹಾರದಲ್ಲಿ ಮೊದಲು ಮುಗಿಯುವುದು ಲೈಸಿನ್. ಅದರ ಹಿಂದೆಯೇ ಮೆಥಿಯೋನಿನ್, ಥ್ರಿಯೋನಿನ್, ಟ್ರಿಪ್ಟೋಫಾನ್. ಆಮೇಲೆ ವ್ಯಾಲಿನ್, ಐಸೋಲ್ಯೂಸಿನ್.

ಬಳಕೆಯಾಗದೆ ಉಳಿದದ್ದು ಸುಮ್ನೆ ಕೂರುವುದಿಲ್ಲ. ಅರಗಿ ರಕ್ತಕ್ಕೆ ಸೇರಿದ್ದರೆ ಅದನ್ನು ಒಡೆದು ಮೂತ್ರದಲ್ಲಿ ಹೊರಹಾಕಬೇಕು. ಅರಗದೆ ಹೋಗಿದ್ದರೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಕೊಳೆಸಿ ಅಮೋನಿಯಾ ಮತ್ತಿತರ ಕೆಟ್ಟ ಪದಾರ್ಥ ಮಾಡುತ್ತವೆ. ಇ-ಕೊಲೈ ಎಂಬ ಬ್ಯಾಕ್ಟೀರಿಯಾದ ಬೇಧಿಗೆ ದಾರಿ ಆಗುವುದು ಇಲ್ಲೇ.

ಚೀಲದ ಮೇಲಿನ ಪ್ರೋಟೀನ್ ಅಂಕಿ ಬರುವುದು ಹೇಗೆ ಗೊತ್ತಾ? ಪ್ರಯೋಗಾಲಯದಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ, ಅಷ್ಟೇ. ಯೂರಿಯಾ ಬೆರೆಸಿದರೂ ಅಂಕಿ ಏರುತ್ತದೆ. ಹಸುವಿನ ಹೊಟ್ಟೆ ಯೂರಿಯಾವನ್ನು ಬಳಸಿಕೊಳ್ಳುತ್ತದೆ, ಹಂದಿಮರಿಯ ಹೊಟ್ಟೆಗೆ ಅದು ಆಗದು. ಡೇರಿಯಿಂದ ತಂದ ಪಶು ಆಹಾರವನ್ನು ಮರಿಗೆ ಹಾಕಬೇಡಿ ಅನ್ನುವುದಕ್ಕೆ ಒಂದು ಕಾರಣ ಇದು.

ಎಷ್ಟು ಬೇಕು?

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಕೊಟ್ಟ ಪಟ್ಟಿಯನ್ನು ಎಲ್ಲ ಕಡೆಯೂ ಬಳಸುತ್ತಾರೆ. ಅದರ ಪ್ರಕಾರ 5ರಿಂದ 7 ಕೆಜಿ ತೂಕದ ಮರಿಯ ಆಹಾರದಲ್ಲಿ ಅರಗುವ ಲೈಸಿನ್ ಶೇ. 1.50 ಇರಬೇಕು. 7ರಿಂದ 11 ಕೆಜಿ ಮರಿಗೆ ಶೇ. 1.35. 11ರಿಂದ 25 ಕೆಜಿಗೆ ಶೇ. 1.23. ಉಳಿದವನ್ನು ಲೈಸಿನ್ನಿಗೆ ಹೋಲಿಸಿ ಹೇಳುವುದು ರೂಢಿ. ಲೈಸಿನ್ 100 ಇದ್ದರೆ ಮೆಥಿಯೋನಿನ್ ಮತ್ತು ಸಿಸ್ಟೀನ್ ಸೇರಿ 55 ಅಥವಾ ಸ್ವಲ್ಪ ಮೇಲೆ, ಥ್ರಿಯೋನಿನ್ 60ರ ಆಸುಪಾಸು, ಟ್ರಿಪ್ಟೋಫಾನ್ 17-18, ವ್ಯಾಲಿನ್ 64-65.

ಈ ಪಟ್ಟಿ ಬೇಗ ಬೆಳೆಯುವ ವಿದೇಶಿ ತಳಿಗಳಿಗೆ ಮಾಡಿದ್ದು. ನಮ್ಮಲ್ಲಿ ಹೆಚ್ಚಿನವರು ಸಾಕುವುದು ಯಾರ್ಕ್‌ಷೈರ್, ಲ್ಯಾಂಡ್‌ರೇಸ್ ಮಿಶ್ರ ತಳಿ. 35-40 ದಿನಕ್ಕೆ ಹಾಲು ಬಿಡಿಸುವವರೇ ಜಾಸ್ತಿ. ಮರಿ 7-9 ಕೆಜಿ ಇರುತ್ತದೆ. ಅಂಥವಕ್ಕೆ ಶೇ. 1.3ರಿಂದ 1.35 ಗುರಿ ಇಟ್ಟುಕೊಂಡರೆ ಸಾಕು. ನಾಟಿ ಮರಿಗಳಿಗೆ ಇನ್ನೂ ಕಡಿಮೆ ನಡೆಯುತ್ತದೆ.

ಥ್ರಿಯೋನಿನ್ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಕರುಳಿನ ಒಳಗೋಡೆಗೆ ಮೆತ್ತಿರುವ ಲೋಳೆ ಇದೆಯಲ್ಲ, ಅದರಲ್ಲಿ ಥ್ರಿಯೋನಿನ್ ತುಂಬ ಇರುತ್ತದೆ. ಬೇಧಿಯಾದಾಗ ಆ ಲೋಳೆ ಕಿತ್ತುಹೋಗುತ್ತದೆ, ಮರಿ ಅದನ್ನು ಮತ್ತೆ ಮಾಡಿಕೊಳ್ಳಬೇಕು. ಟ್ರಿಪ್ಟೋಫಾನ್ ಕಡಿಮೆಯಾದರೆ ಮರಿ ತಿನ್ನುವುದೇ ಕಡಿಮೆ ಮಾಡುತ್ತದೆ. ಮೊದಲ ವಾರ ಈ ಎರಡರಲ್ಲಿ ಕೈ ಬಿಗಿ ಹಿಡಿಯಬಾರದು.

ಮೊದಲ ಎರಡು ವಾರದ ಖರ್ಚು

ತಾಯಿ ಹತ್ತಿರ ಇದ್ದಾಗ ಮರಿ ಹೆಚ್ಚುಕಡಿಮೆ ಗಂಟೆಗೊಮ್ಮೆ ಬಿಸಿ ಹಾಲು ಕುಡಿಯುತ್ತಿತ್ತು. ಒಂದೇ ದಿನದಲ್ಲಿ ಅದು ನಿಂತು, ಒಣಪುಡಿ ಎದುರಿಗೆ ಬರುತ್ತದೆ. ಮೊದಲ ಒಂದೆರಡು ದಿನ ಎಷ್ಟೋ ಮರಿಗಳು ಮೂತಿಯೇ ಇಡುವುದಿಲ್ಲ. ಹೊಟ್ಟೆ ಖಾಲಿ ಬಿದ್ದ ಕೂಡಲೇ ಸಣ್ಣ ಕರುಳಿನ ಒಳಗಿರುವ ಬೆರಳಿನಂಥ ಎಳೆಗಳು ಕುಗ್ಗುತ್ತವೆ. ಆಹಾರ ಹೀರುವುದು ಆ ಎಳೆಗಳೇ. ಜಠರದಲ್ಲಿ ಆಮ್ಲವೂ ಸಾಲದು, ಅದಿಲ್ಲದೆ ಹಿಂಡಿಯ ಪ್ರೋಟೀನ್ ಸರಿಯಾಗಿ ಒಡೆಯುವುದಿಲ್ಲ. ಈ ಹೊತ್ತಿನಲ್ಲಿ ಒರಟು ಪ್ರೋಟೀನ್ ಜಾಸ್ತಿ ಸುರಿದರೆ ಆಗುವುದೇನು ಅಂತ ಬಿಡಿಸಿ ಹೇಳಬೇಕಿಲ್ಲ.

ಈಗ ದುಡ್ಡಿನ ಲೆಕ್ಕ. ಈ ಎರಡು ವಾರದಲ್ಲಿ ಒಂದು ಮರಿ ತಿನ್ನುವುದು ಒಟ್ಟು 3-4 ಕೆಜಿ ಅಷ್ಟೇ. ಒಳ್ಳೆಯ ಆಹಾರಕ್ಕೆ ಕೆಜಿಗೆ 40 ರೂಪಾಯಿ ಜಾಸ್ತಿ ಬಿತ್ತು ಅಂತಲೇ ಇಟ್ಟುಕೊಳ್ಳಿ. ಮರಿಗೆ 120ರಿಂದ 160 ರೂಪಾಯಿ ಹೆಚ್ಚುವರಿ ಖರ್ಚು. ಆರು ತಿಂಗಳು ಸಾಕಿ ಮಾರುವ ಹಂದಿಯ ಒಟ್ಟು ಖರ್ಚಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಉಳಿತಾಯ ಅಂತ ಜನ ಕೈ ಹಾಕುವುದು ಇಲ್ಲಿಗೇ. ನನಗೆ ಇದರಲ್ಲಿ ತುಂಬ ಗಟ್ಟಿ ಅಭಿಪ್ರಾಯ ಇದೆ. ಉಳಿಸಬೇಕಾದ್ದು 20 ಕೆಜಿ ದಾಟಿದ ಮೇಲೆ.

ನಿಮ್ಮ ಎದುರಿಗಿರುವ ನಾಲ್ಕು ದಾರಿ

ಮೊದಲನೆಯದು, ಹಂದಿಮರಿಗೆಂದೇ ಮಾಡಿದ ರೆಡಿ ಪ್ರೀ-ಸ್ಟಾರ್ಟರ್. ಇದರಲ್ಲಿ ಹಾಲಿನ ಪುಡಿ ಅಥವಾ ವೇ ಪುಡಿ (ಹಾಲು ಒಡೆದಾಗ ಉಳಿಯುವ ತಿಳಿನೀರನ್ನು ಒಣಗಿಸಿದ್ದು), ಚೆನ್ನಾಗಿ ಬೇಯಿಸಿದ ಸೋಯಾ, ಅಮೈನೋ ಆಮ್ಲದ ಪುಡಿಗಳು, ಜಠರಕ್ಕೆ ಸಹಾಯ ಮಾಡುವ ಆಮ್ಲ ಎಲ್ಲ ಸೇರಿರುತ್ತವೆ. ದುಬಾರಿ. ನಮ್ಮ ತಾಲ್ಲೂಕು ಅಂಗಡಿಗಳಲ್ಲಿ ಯಾವಾಗಲೂ ಸಿಗುವುದಿಲ್ಲ, ಮುಂಚೆಯೇ ಹೇಳಿಟ್ಟು ತರಿಸಬೇಕು. ವರ್ಷಕ್ಕೆ ಎರಡು ಮೂರು ತಾಯಿಹಂದಿಯ ಮರಿ ಮಾತ್ರ ಬಿಡಿಸುವವರು ಕಣ್ಣು ಮುಚ್ಚಿ ಇದನ್ನೇ ತೆಗೆದುಕೊಳ್ಳಲಿ. ಗ್ರಾಂ ಲೆಕ್ಕದ ಪುಡಿಗಳನ್ನು 30-40 ಕೆಜಿಗೆ ತೂಗಿ ಬೆರೆಸುವ ಕಷ್ಟ ಅವರಿಗೆ ಬೇಡ.

ಎರಡನೆಯದು ಬ್ರಾಯ್ಲರ್ ಕೋಳಿಯ ಸ್ಟಾರ್ಟರ್. ಎಲ್ಲ ಕಡೆ ಸಿಗುತ್ತದೆ, ಪ್ರೋಟೀನ್ ಶೇ. 21-23 ಇರುತ್ತದೆ, ಲೈಸಿನ್ನೂ ಪರವಾಗಿಲ್ಲ. ಅದಕ್ಕೇ ಬಹಳ ಜನ ಇದನ್ನು ಹಾಕುತ್ತಾರೆ. ನನಗೆ ಸಮಾಧಾನ ಇಲ್ಲ. ಹಾಲಿನ ಅಂಶ ಒಂದು ಚೂರೂ ಇರುವುದಿಲ್ಲ. ಸುಣ್ಣದ ಅಂಶ ಜಾಸ್ತಿ, ಅದು ಮರಿಯ ಜಠರದಲ್ಲಿರುವ ಅಷ್ಟಿಷ್ಟು ಆಮ್ಲವನ್ನೂ ಹೀರಿಬಿಡುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೋಳಿಗೆ ರಕ್ತಬೇಧಿ ಬಾರದಿರಲಿ ಅಂತ ಅದರಲ್ಲಿ ಮೊನೆನ್ಸಿನ್, ಸ್ಯಾಲಿನೋಮೈಸಿನ್‌ನಂಥ ಔಷಧ ಬೆರೆಸಿರಬಹುದು. ಅದನ್ನು ತಿನ್ನುವ ಮರಿಗೆ ಟಿಯಾಮುಲಿನ್ ಎಂಬ ಔಷಧ ಕೊಟ್ಟರೆ ಎರಡೂ ಸೇರಿ ವಿಷವಾಗುತ್ತದೆ, ಮರಿ ಸಾಯಬಹುದು. ಕೋಳಿ ಫೀಡ್ ಹಾಕುತ್ತಿದ್ದರೆ ಪಶುವೈದ್ಯರಿಗೆ ಅದನ್ನು ಹೇಳದೆ ಯಾವ ಮದ್ದನ್ನೂ ಕೊಡಿಸಬೇಡಿ.

ಮೂರನೆಯದು ಹೋಟೆಲ್ ಉಳಿಕೆ, ಅನ್ನದ ಗಂಜಿ, ತೌಡು. ಮೈಸೂರಿನ ಸುತ್ತ ಹಂದಿ ಸಾಕುವವರಲ್ಲಿ ಇದು ಸಾಮಾನ್ಯ. ದೊಡ್ಡ ಹಂದಿಗೆ ಚೆನ್ನಾಗಿ ಕುದಿಸಿ ಹಾಕಿದರೆ ದುಡ್ಡು ಉಳಿಯುತ್ತದೆ, ನಿಜ. ಕನಿಷ್ಠ ಅರ್ಧ ಗಂಟೆ ಕೊತಕೊತ ಕುದಿಸಲೇಬೇಕು. 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶದಲ್ಲಿ ಮೊದಲು ಕಾಣಿಸಿದ ಆಫ್ರಿಕನ್ ಹಂದಿ ಜ್ವರಕ್ಕೆ ಹಸಿ ಉಳಿಕೆಯೂ ಒಂದು ದಾರಿ. ಆದರೆ ಹಾಲು ಬಿಡಿಸಿದ ಮರಿಗೆ ಇದು ಬೇಡವೇ ಬೇಡ. ಅನ್ನ, ಸಾಂಬಾರಿನಲ್ಲಿ ನೀರೇ ಮುಕ್ಕಾಲು ಪಾಲು. ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಬಿಡುತ್ತದೆ, ಲೈಸಿನ್ ಹೋಗುವುದಿಲ್ಲ. ಉಪ್ಪು, ಖಾರ, ಎಣ್ಣೆ ದಿನಕ್ಕೊಂದು ಥರ. ಅಕ್ಕಿ ಗಿರಣಿಗಳಿರುವ ಮಂಡ್ಯದಲ್ಲಿ ತೌಡು ಧಾರಾಳ, ಆದರೆ ಅದರಲ್ಲಿ ಲೈಸಿನ್ ಶೇ. 0.5ರ ಆಚೀಚೆ ಮಾತ್ರ. ನಾರು ಜಾಸ್ತಿ, ನಾಲ್ಕು ದಿನ ಇಟ್ಟರೆ ಎಣ್ಣೆ ಕೆಟ್ಟು ಕಮಟು ಬರುತ್ತದೆ. ಬಿಯರ್ ಕಾರ್ಖಾನೆಯ ಬೂಸಾ, ಹಿಪ್ಪುನೇರಳೆ ಸೊಪ್ಪು, ಅಜೋಲ್ಲಾ ಇವೆಲ್ಲವೂ ದೊಡ್ಡ ಹಂದಿಗೆ.

ನಾಲ್ಕನೆಯದು ಮನೆಯಲ್ಲೇ ಬೆರೆಸುವುದು. ಹತ್ತಕ್ಕಿಂತ ಜಾಸ್ತಿ ತಾಯಿಹಂದಿ ಇದ್ದು, ತೂಕದ ಯಂತ್ರ ಇದ್ದು, ತೂಗುವ ತಾಳ್ಮೆಯೂ ಇದ್ದವರಿಗೆ ಇದು ಒಳ್ಳೆಯ ದಾರಿ. ಇಲ್ಲಿ ಆಯ್ಕೆಗಳು ಬಹಳ, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸೋಯಾ ಹಿಂಡಿಯಾ, ಕಡಲೆಕಾಯಿ ಹಿಂಡಿಯಾ?

ಚೀಲ ನೋಡಿದರೆ ಎರಡರಲ್ಲೂ ಪ್ರೋಟೀನ್ ಶೇ. 45ರ ಆಸುಪಾಸು. ಕಡಲೆಕಾಯಿ ಹಿಂಡಿ ಊರಿನ ಗಾಣದಲ್ಲೇ ಸಿಗುತ್ತದೆ, ಮರಿಗೆ ರುಚಿಯೂ ಹೌದು. ಆದರೆ ಲೈಸಿನ್ ನೋಡಿ. ಸೋಯಾದಲ್ಲಿ ಶೇ. 2.8-2.9, ಕಡಲೆಕಾಯಿಯಲ್ಲಿ ಶೇ. 1.5-1.6. ಅಂದರೆ 10 ಕೆಜಿ ಸೋಯಾ ಕೊಡುವ ಲೈಸಿನ್ ಪಡೆಯಲು 18 ಕೆಜಿ ಕಡಲೆಕಾಯಿ ಹಿಂಡಿ ಬೇಕು. ಆಗ ಒಟ್ಟು ಪ್ರೋಟೀನ್ ಬೇಡದಷ್ಟು ಏರುತ್ತದೆ. ಬೂಸ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಎಳೆಯ ಹಂದಿಯ ಯಕೃತ್ತು ಅದನ್ನು ತಡೆಯುವುದಿಲ್ಲ. ಮಳೆಗಾಲದಲ್ಲಂತೂ ಇದು ಇನ್ನೂ ಜಾಸ್ತಿ. ಈ ವಯಸ್ಸಿಗೆ ಕಡಲೆಕಾಯಿ ಹಿಂಡಿಯನ್ನು ಪೂರ್ತಿ ಬಿಟ್ಟರೆ ಏನೂ ನಷ್ಟ ಇಲ್ಲ.

ಹಾಗಂತ ಸೋಯಾ ದೋಷ ಇಲ್ಲದ್ದು ಅಂತಲ್ಲ. ಹಸಿ ಸೋಯಾದಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶ ಇದೆ. ಶಾಖಕ್ಕೆ ಅದು ಹೋಗುತ್ತದೆ. ಹಾಗಾಗಿ ಹಸಿ ಸೋಯಾ ಕಾಳು ಬೀಸಿ ಹಾಕಲೇಬಾರದು. ಶಾಖ ಕೊಟ್ಟ ಮೇಲೂ ಸೋಯಾದ ಎರಡು ಪ್ರೋಟೀನುಗಳು ಎಳೆಯ ಕರುಳಿನಲ್ಲಿ ಅಲರ್ಜಿ ಎಬ್ಬಿಸುತ್ತವೆ, ಕರುಳಿನ ಎಳೆಗಳು ಇನ್ನಷ್ಟು ಕುಗ್ಗುತ್ತವೆ. ಆಮೇಲೆ ಮರಿ ಒಗ್ಗಿಕೊಳ್ಳುತ್ತದೆ. ಅದಕ್ಕೇ ತಾಯಿ ಜೊತೆ ಇರುವಾಗಲೇ ಸ್ವಲ್ಪ ಸ್ವಲ್ಪ ಸೋಯಾ ಇರುವ ಆಹಾರದ ರುಚಿ ತೋರಿಸಬೇಕು. ಬಿಡಿಸಿದ ಮೊದಲ ಎರಡು ವಾರ ನೂರಕ್ಕೆ 20ರ ಸುತ್ತ ನಿಲ್ಲಿಸಬೇಕು. ಸಿಪ್ಪೆ ತೆಗೆದ, ಶೇ. 47-48 ಪ್ರೋಟೀನಿನ ಹಿಂಡಿ ಸಿಕ್ಕರೆ ಅದನ್ನೇ ತನ್ನಿ.

ಹಿಂಡಿಯ ಬಣ್ಣ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ತಿಳಿ ಹೊಂಬಣ್ಣ ಇರಬೇಕು. ತೀರಾ ಬಿಳಿಚಿಕೊಂಡು ಹಸಿ ಕಾಳಿನ ವಾಸನೆ ಬಂದರೆ ಶಾಖ ಸಾಲದು. ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂದರೆ ಲೈಸಿನ್ ಸುಟ್ಟಿದೆ. ಪ್ರಯೋಗಾಲಯದಲ್ಲಿ ಪ್ರೋಟೀನ್ ಅಂಕಿ ಅಷ್ಟೇ ಬರುತ್ತದೆ, ಆದರೆ ಮರಿಗೆ ದಕ್ಕುವುದಿಲ್ಲ.

ಹುರುಳಿ ಕೇಳುವವರೂ ಇದ್ದಾರೆ. ಹುರುಳಿಯ ಪ್ರೋಟೀನಿನಲ್ಲಿ ಲೈಸಿನ್ ಚೆನ್ನಾಗಿಯೇ ಇದೆ, ಮೆಥಿಯೋನಿನ್ ಕಡಿಮೆ. ಬೇಯಿಸದೆ ಹಾಕುವಂತಿಲ್ಲ. 20 ಕೆಜಿ ದಾಟಿದ ಹಂದಿಗೆ ಬೇಯಿಸಿದ ಹುರುಳಿ ಒಳ್ಳೆಯದೇ. ಮರಿಗೆ ಬೇಡ.

ಮೀನಿನ ಪುಡಿಯಾ, ರೇಷ್ಮೆ ಪ್ಯೂಪಾ ಪುಡಿಯಾ?

ನಮ್ಮ ಜಿಲ್ಲೆಗಳಿಗೆ ಸಲ್ಲುವ ನಿಜವಾದ ಹೋಲಿಕೆ ಇದು. ಪುಸ್ತಕದಲ್ಲಿ ಹೇಳುವ ಒಳ್ಳೆಯ ಮೀನಿನ ಪುಡಿಯಲ್ಲಿ ಪ್ರೋಟೀನ್ ಶೇ. 60-65, ಲೈಸಿನ್ ಶೇ. 4.5ರ ಮೇಲೆ, ಮೆಥಿಯೋನಿನ್ ಶೇ. 1.7. ಅರಗುವುದೂ ಸುಲಭ, ಮರಿ ಇಷ್ಟಪಟ್ಟು ತಿನ್ನುತ್ತದೆ. ಕರಾವಳಿಯಿಂದ ಬರುವ ಒಳ್ಳೆಯ ಸರಕು ಈ ಅಂಕಿಗೆ ಹತ್ತಿರ ಇರುತ್ತದೆ. ಅಂಗಡಿಯಲ್ಲಿ "ಮೀನಿನ ಪುಡಿ" ಅಂತ ಚಿಲ್ಲರೆ ಸಿಗುವುದು ಹಲವು ಸಲ ಒಣಮೀನು ಬೀಸಿದ್ದು. ಅದರಲ್ಲಿ ಮರಳು, ಉಪ್ಪು ಎರಡೂ ಇರುತ್ತವೆ.

ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಎರಡು ಚಮಚ ಪುಡಿ ಹಾಕಿ ಕಲಕಿ ಬಿಡಿ. ಸ್ವಲ್ಪ ಹೊತ್ತಿಗೆ ತಳದಲ್ಲಿ ಮರಳಿನ ಪದರ ಬೇರೆಯಾಗಿ ಕಾಣುತ್ತದೆ. ಮೇಲಿನ ಪುಡಿ ಬಗ್ಗಿಸಿ, ತಳದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಮೂಳೆಯ ಚೂರು ಅದುಮಿದರೆ ಪುಡಿಯಾಗುತ್ತದೆ, ಮರಳು ಕರಕರ ಅನ್ನುತ್ತದೆ. ನಾಲಿಗೆ ತುದಿಗೆ ಮುಟ್ಟಿಸಿ ಉಪ್ಪು ನೋಡಲು ಹೋಗಬೇಡಿ, ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಉಪ್ಪಿನ ಪರೀಕ್ಷೆ ಪ್ರಯೋಗಾಲಯದಲ್ಲೇ ಆಗಲಿ. ಉಪ್ಪು ಜಾಸ್ತಿ ಇದ್ದು ಕುಡಿಯುವ ನೀರು ಕೈಕೊಟ್ಟರೆ ಮರಿಗಳಿಗೆ ಫಿಟ್ಸ್ ಬಂದು ಬೀಳುತ್ತವೆ.

ರೇಷ್ಮೆ ಪ್ಯೂಪಾ ನಮ್ಮ ಮನೆಬಾಗಿಲ ಸರಕು. ನೂಲು ತೆಗೆದ ಮೇಲೆ ಉಳಿಯುವ ಹುಳ ಅದು. ರಾಮನಗರ, ಕೊಳ್ಳೇಗಾಲದ ಕಡೆ ಬಿಚ್ಚಾಣಿಕೆ ಘಟಕಗಳಿವೆ. ಟಿ. ನರಸೀಪುರದಲ್ಲಿ ಸರ್ಕಾರಿ ರೇಷ್ಮೆ ನೂಲಿನ ಕಾರ್ಖಾನೆ ಇದೆ. ಪ್ಯೂಪಾ ಒಣಗಿಸಿದರೆ ಪ್ರೋಟೀನ್ ಶೇ. 50-55. ಎಣ್ಣೆ ತೆಗೆದ ಪುಡಿಯಲ್ಲಿ ಅದಕ್ಕಿಂತಲೂ ಮೇಲೆ. ಲೈಸಿನ್, ಮೆಥಿಯೋನಿನ್ ಎರಡರಲ್ಲೂ ಮೀನಿನ ಪುಡಿಯ ಪಕ್ಕ ನಿಲ್ಲಬಲ್ಲದು. ಹೊರಚರ್ಮದಲ್ಲಿರುವ ಕೈಟಿನ್ ಎಂಬ ಪದಾರ್ಥದಲ್ಲೂ ಸಾರಜನಕ ಇರುವುದರಿಂದ ಪ್ರೋಟೀನ್ ಅಂಕಿ ನಿಜಕ್ಕಿಂತ ಸ್ವಲ್ಪ ಉಬ್ಬಿರುತ್ತದೆ ಅನ್ನುವುದು ನೆನಪಿರಲಿ.

ಇದರ ತೊಂದರೆ ಎಣ್ಣೆ. ಒಣ ತೂಕದ ಕಾಲು ಭಾಗಕ್ಕಿಂತ ಜಾಸ್ತಿ ಎಣ್ಣೆಯೇ. ಹಸಿ ಪ್ಯೂಪಾ ತಂದು ಗೋಣಿಚೀಲದಲ್ಲಿ ಒಂದು ರಾತ್ರಿ ಇಟ್ಟರೆ ಮುಗಿಯಿತು, ಬೆಳಿಗ್ಗೆ ಹತ್ತಿರ ಹೋಗಲು ಆಗುವುದಿಲ್ಲ. ತಂದ ದಿನವೇ ತೆಳ್ಳಗೆ ಹರಡಿ ಒಣಗಿಸಬೇಕು, ಇಲ್ಲವೇ ಎಣ್ಣೆ ತೆಗೆದ ಪುಡಿಯನ್ನೇ ಕೊಳ್ಳಬೇಕು. ವಾಸನೆ ಮಾಂಸಕ್ಕೆ ಹತ್ತುತ್ತದೆ ಅಂತ ಹೆದರುವವರು ಇದ್ದಾರೆ. ಮಾರುವ ಹೊತ್ತಿನ ಹಂದಿಗೆ ಆ ಭಯ ಸರಿ, 8 ಕೆಜಿ ಮರಿಗೆ ಅಲ್ಲ.

ನನ್ನ ಆಯ್ಕೆ ಹೀಗಿದೆ. ಪರೀಕ್ಷೆಯ ವರದಿ ಇರುವ ಮೀನಿನ ಪುಡಿ ಸಿಕ್ಕರೆ ಅದೇ ಮೊದಲು. ಅದಿಲ್ಲದಿದ್ದರೆ ಎಣ್ಣೆ ತೆಗೆದ ಪ್ಯೂಪಾ ಪುಡಿ ನೂರಕ್ಕೆ 4-5 ಕೆಜಿ. ವರದಿ ಇಲ್ಲದ ಮೀನಿನ ಪುಡಿಗಿಂತ ಒಳ್ಳೆಯ ಪ್ಯೂಪಾ ಎಷ್ಟೋ ಮೇಲು.

ಹಾಲಿನ ಪುಡಿ, ನುಚ್ಚು, ಬೆಲ್ಲ

ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಪ್ರೋಟೀನ್ ಶೇ. 34ರ ಸುತ್ತ, ಲೈಸಿನ್ ಶೇ. 2.7-2.8. ಸೋಯಾದಷ್ಟೇ ಲೈಸಿನ್. ಆದರೆ ಅರಗುವುದು ಹೆಚ್ಚುಕಡಿಮೆ ಪೂರ್ತಿ, ಮೇಲೆ ಅರ್ಧದಷ್ಟು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಆ ಲ್ಯಾಕ್ಟೋಸ್ ಹುಳಿಯಾಗಿ ಜಠರದಲ್ಲಿ ಆಮ್ಲ ಕೊಡುತ್ತದೆ, ಆ ಆಮ್ಲ ಹಿಂಡಿಯ ಪ್ರೋಟೀನ್ ಅರಗಿಸಲು ನೆರವಾಗುತ್ತದೆ. ಮನುಷ್ಯರ ಬಳಕೆಗೆ ಅಂತ ಇಟ್ಟು ದಿನಾಂಕ ಮೀರಿದ, ಕಂದು ತಿರುಗಿದ ಪುಡಿ ಅಗ್ಗಕ್ಕೆ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಕಂದು ಬಣ್ಣ ಅಂದರೆ ಲೈಸಿನ್ ಸಕ್ಕರೆಯ ಜೊತೆ ಅಂಟಿಕೊಂಡು ಬಂದಿಯಾಗಿದೆ. ವೇ ಪುಡಿಯಲ್ಲಿ ಪ್ರೋಟೀನ್ ಶೇ. 12 ಮಾತ್ರ, ಲ್ಯಾಕ್ಟೋಸ್ ಶೇ. 70. ಲೈಸಿನ್ನಿಗಿಂತ ಹೊಟ್ಟೆಯ ಆರೋಗ್ಯಕ್ಕೆ ಅದು.

ಮಂಡ್ಯದವರ ಕೈಯಲ್ಲಿ ಇನ್ನೊಂದು ಒಳ್ಳೆಯ ಸರಕಿದೆ, ಅಕ್ಕಿ ನುಚ್ಚು. ಹಾಲು ಬಿಡಿಸಿದ ಮರಿಗೆ ಮುಸುಕಿನ ಜೋಳಕ್ಕಿಂತ ನುಚ್ಚು ಸಲೀಸಾಗಿ ಅರಗುತ್ತದೆ, ಬೇಧಿಯೂ ಕಡಿಮೆ. ಜೋಳ ಅರ್ಧ, ನುಚ್ಚು ಅರ್ಧ ಮಾಡಿ ನುಣ್ಣಗೆ ಬೀಸಿಸಿ. ಬೆಲ್ಲ ನೂರಕ್ಕೆ 3-4 ಕೆಜಿ ಹಾಕಿದರೆ ಮರಿ ಬೇಗ ಮೂತಿ ಇಡುತ್ತದೆ. ಒಂದು ಎಚ್ಚರಿಕೆ: ಬಿಸಿ ಗಂಜಿ ಮಾಡುವವರು ಕುದಿಯುವಾಗಲೇ ಬೆಲ್ಲ, ಹಾಲಿನ ಪುಡಿ, ಲೈಸಿನ್ ಎಲ್ಲವನ್ನೂ ಸುರಿಯಬೇಡಿ. ಮೇಲೆ ಹೇಳಿದ ಅದೇ ಅಂಟು ನಿಮ್ಮ ಒಲೆ ಮೇಲೇ ಆಗುತ್ತದೆ. ಗಂಜಿ ಉಗುರುಬೆಚ್ಚಗಾದ ಮೇಲೆ ಸೇರಿಸಿ.

ಅಮೈನೋ ಆಮ್ಲದ ಪುಡಿಗಳು

ಕೋಳಿ ಫಾರಂಗಳ ದೆಸೆಯಿಂದ ಲೈಸಿನ್ ಮತ್ತು ಮೆಥಿಯೋನಿನ್ ಪುಡಿ ಇಲ್ಲಿ ಸುಲಭವಾಗಿ ಸಿಗುತ್ತವೆ. ಲೈಸಿನ್ ಎರಡು ರೂಪದಲ್ಲಿ ಬರುತ್ತದೆ. ಲೈಸಿನ್ ಹೈಡ್ರೋಕ್ಲೋರೈಡ್‌ನಲ್ಲಿ ಲೈಸಿನ್ ಶೇ. 78-79, ಲೈಸಿನ್ ಸಲ್ಫೇಟ್‌ನಲ್ಲಿ ಸಾಮಾನ್ಯವಾಗಿ ಶೇ. 55ರ ಹತ್ತಿರ. ಕೆಜಿ ಬೆಲೆ ನೋಡಿ ಸಲ್ಫೇಟ್ ಅಗ್ಗ ಅನ್ನಬೇಡಿ. ಬೆಲೆಯನ್ನು ಈ ಶೇಕಡಾದಿಂದ ಭಾಗಿಸಿ ಆಮೇಲೆ ಹೋಲಿಸಿ. ಹೈಡ್ರೋಕ್ಲೋರೈಡ್ ಅಂತ ಲೆಕ್ಕ ಹಾಕಿ ಸಲ್ಫೇಟ್ ತೂಗಿದರೆ ಪುಡಿಯಿಂದ ಮರಿಗೆ ಹೋಗುವ ಲೈಸಿನ್ ಸುಮಾರು ಶೇ. 30ರಷ್ಟು ಕಡಿಮೆ ಆಗುತ್ತದೆ.

1 ಕೆಜಿ ಹೈಡ್ರೋಕ್ಲೋರೈಡ್ ಪುಡಿಯಲ್ಲಿರುವ ಲೈಸಿನ್, 27-28 ಕೆಜಿ ಸೋಯಾ ಹಿಂಡಿಯಲ್ಲಿರುವಷ್ಟು. ಪುಡಿ ಅರಗುವುದು ಪೂರ್ತಿ. ಆದರೆ ಸೋಯಾ ಕೊಡುವ ಉಳಿದ ಅಮೈನೋ ಆಮ್ಲಗಳನ್ನು ಅದು ಕೊಡುವುದಿಲ್ಲ. ಲೈಸಿನ್ ಪುಡಿ ಸುರಿದು ಸೋಯಾ ಇಳಿಸುತ್ತಾ ಹೋದರೆ ಮುಂದಿನ ಕೊರತೆ ಮೆಥಿಯೋನಿನ್ನಿಗೆ, ಥ್ರಿಯೋನಿನ್ನಿಗೆ ಬೀಳುತ್ತದೆ.

ಈಗ ಒಂದು ಮಾದರಿ, 7-9 ಕೆಜಿ ಮರಿಗೆ, ಮೊದಲ ಎರಡು ವಾರಕ್ಕೆ, 100 ಕೆಜಿ ಲೆಕ್ಕದಲ್ಲಿ. ಮುಸುಕಿನ ಜೋಳ ಮತ್ತು ನುಚ್ಚು ಸೇರಿ 55 ಕೆಜಿ, ಸಿಪ್ಪೆ ತೆಗೆದ ಸೋಯಾ ಹಿಂಡಿ 22, ಒಳ್ಳೆಯ ಮೀನಿನ ಪುಡಿ 6, ಹಾಲಿನ ಪುಡಿ 8, ಬೆಲ್ಲ 4, ಎಣ್ಣೆ 2, ಖನಿಜ, ವಿಟಮಿನ್ ಎಲ್ಲ ಸೇರಿ ಸುಮಾರು ಎರಡೂವರೆ. ಪ್ರೋಟೀನ್ ಶೇ. 21ರ ಹತ್ತಿರ ಬರುತ್ತದೆ. ಆದರೂ ಅರಗುವ ಲೈಸಿನ್ ಶೇ. 1.1ರ ಸುತ್ತಲೇ ನಿಲ್ಲುತ್ತದೆ. ಶೇ. 21 ಪ್ರೋಟೀನ್ ಇದ್ದೂ ಲೈಸಿನ್ ಸಾಲದು, ನೋಡಿ. 300 ಗ್ರಾಂ ಲೈಸಿನ್ ಹೈಡ್ರೋಕ್ಲೋರೈಡ್ ಸೇರಿಸಿದರೆ 1.35 ಮುಟ್ಟುತ್ತದೆ. ಜೊತೆಗೆ ಮೆಥಿಯೋನಿನ್ 130 ಗ್ರಾಂ, ಥ್ರಿಯೋನಿನ್ 120 ಗ್ರಾಂ, ಟ್ರಿಪ್ಟೋಫಾನ್ 20-30 ಗ್ರಾಂ. ನಿಮ್ಮ ಸರಕಿನ ವರದಿ ಬೇರೆ ಇದ್ದರೆ ಈ ಗ್ರಾಂಗಳೂ ಬದಲಾಗುತ್ತವೆ. ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲೋ, ಸುತ್ತೂರಿನ ಕೇಂದ್ರದಲ್ಲೋ, ನಿಮ್ಮ ಪಶುವೈದ್ಯರ ಹತ್ತಿರವೋ ಒಮ್ಮೆ ತೋರಿಸಿ.

ಶೇ. 21 ಪ್ರೋಟೀನಾ, ಶೇ. 18 ಪ್ರೋಟೀನಾ?

ಪ್ರತಿ ಸಲವೂ ಹಾಲು ಬಿಡಿಸಿದ ಮೇಲೆ ಬೇಧಿ ಬರುವ ಶೆಡ್ ನಿಮ್ಮದಾದರೆ ಪ್ರೋಟೀನ್ ಇಳಿಸಿ, ಅಮೈನೋ ಆಮ್ಲದ ಪುಡಿ ಏರಿಸುವ ದಾರಿ ಇದೆ. ಕರುಳಿನ ತುದಿಗೆ ಹೋಗಿ ಕೊಳೆಯುವ ಪ್ರೋಟೀನ್ ಕಡಿಮೆ ಆಗುತ್ತದೆ. ಯುರೋಪಿನಲ್ಲಿ 2022ರಲ್ಲಿ ಬೇಧಿಗೆ ಕೊಡುತ್ತಿದ್ದ ದೊಡ್ಡ ಪ್ರಮಾಣದ ಜಿಂಕ್ ಆಕ್ಸೈಡ್ ನಿಲ್ಲಿಸಿದ ಮೇಲೆ ಈ ದಾರಿಗೆ ಇನ್ನಷ್ಟು ಮಹತ್ವ ಬಂದಿದೆ. ನಮ್ಮಲ್ಲೂ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು 2019ರಲ್ಲೇ ನಿಷೇಧಿಸಿದ್ದಾರೆ. ಔಷಧ ಬೆರೆಸಿ ಬೇಧಿ ತಡೆಯುವ ಕಾಲ ಹೋಯಿತು.

ಮೇಲಿನ ಮಾದರಿಯಲ್ಲಿ ಸೋಯಾವನ್ನು 14 ಕೆಜಿಗೆ ಇಳಿಸಿ, ಆ 8 ಕೆಜಿ ಜಾಗಕ್ಕೆ ನುಚ್ಚು ಹಾಕಿದರೆ ಪ್ರೋಟೀನ್ ಶೇ. 18ಕ್ಕೆ ಬರುತ್ತದೆ. ಆಗ ಲೈಸಿನ್ ಶೇ. 1.3 ಮುಟ್ಟಿಸಲು ಲೈಸಿನ್ ಹೈಡ್ರೋಕ್ಲೋರೈಡ್ ಪುಡಿ 470 ಗ್ರಾಂ ಬೇಕು, ಮೆಥಿಯೋನಿನ್ ಮತ್ತು ಥ್ರಿಯೋನಿನ್ ತಲಾ 180-200 ಗ್ರಾಂ, ಟ್ರಿಪ್ಟೋಫಾನ್ 50 ಗ್ರಾಂ. ಈಗ ವ್ಯಾಲಿನ್ನೂ ಕಡಿಮೆ ಬೀಳುತ್ತದೆ, ಅದು 60-80 ಗ್ರಾಂ.

ಇಲ್ಲಿ ನಿರ್ಧಾರ ಮಾಡುವುದು ನಿಮ್ಮ ಅಂಗಡಿ. ಐದೂ ಪುಡಿ ಸಿಗುವುದಾದರೆ ಶೇ. 18ರ ದಾರಿಯೇ ನನಗೆ ಮೆಚ್ಚು. ಲೈಸಿನ್, ಮೆಥಿಯೋನಿನ್ ಎರಡೇ ಸಿಗುತ್ತವೆ ಅನ್ನುವಾಗ ಶೇ. 21ರಲ್ಲೇ ಇರಿ. ಅರ್ಧಂಬರ್ಧ ಪುಡಿ ಹಾಕಿ ಪ್ರೋಟೀನ್ ಇಳಿಸಿದರೆ ಬೇಧಿ ನಿಲ್ಲಬಹುದು, ಮರಿ ಮಾತ್ರ ಬೆಳೆಯುವುದಿಲ್ಲ.

ಬೆರೆಸುವುದು, ಹಾಕುವುದು

120 ಗ್ರಾಂ ಪುಡಿಯನ್ನು ನೇರವಾಗಿ 100 ಕೆಜಿ ರಾಶಿಗೆ ಎರಚಿದರೆ ಒಂದು ಮರಿಗೆ ಸಿಕ್ಕಿದ್ದು ಇನ್ನೊಂದಕ್ಕೆ ಸಿಗುವುದಿಲ್ಲ. ಎಲ್ಲ ಪುಡಿಗಳನ್ನೂ ಮೊದಲು ಒಂದು ಕೆಜಿ ನುಚ್ಚಿನ ಹಿಟ್ಟಿಗೆ ಬೆರೆಸಿ. ಅದನ್ನು ಹತ್ತು ಕೆಜಿಗೆ, ಆ ಹತ್ತನ್ನು ನೂರಕ್ಕೆ. ತಕ್ಕಡಿ 5 ಗ್ರಾಂ ವ್ಯತ್ಯಾಸ ತೋರಿಸುವಂಥದ್ದು ಇರಲಿ. ಬೆರೆಸಿದ್ದು ಎರಡು ವಾರದೊಳಗೆ ಮುಗಿಯುವಷ್ಟೇ ಮಾಡಿಕೊಳ್ಳಿ.

ಪುಡಿಯ ಲೈಸಿನ್ ಬೇಗ ರಕ್ತಕ್ಕೆ ಸೇರುತ್ತದೆ. ಹಿಂಡಿಯ ಪ್ರೋಟೀನ್ ಒಡೆದು ಬರಲು ಹೊತ್ತು ಹಿಡಿಯುತ್ತದೆ. ದಿನಕ್ಕೆ ಒಂದೇ ಸಲ ಹಾಕಿದರೆ ಇವೆರಡೂ ಒಂದೇ ಹೊತ್ತಿಗೆ ಸಿಗದೆ ಲೈಸಿನ್ ವ್ಯರ್ಥವಾಗುತ್ತದೆ. ಐದಾರು ಸಲ, ಸ್ವಲ್ಪ ಸ್ವಲ್ಪ ಹಾಕಿ. ಮೊದಲ ಮೂರು ದಿನ ಅಗಲದ ತಟ್ಟೆಯಲ್ಲಿ, ಬೆಚ್ಚಗಿನ ನೀರಲ್ಲಿ ಕಲಸಿ ತೆಳು ಗಂಜಿಯಂತೆ ಕೊಟ್ಟರೆ ತಿನ್ನದ ಮರಿಗಳೂ ತಿನ್ನುತ್ತವೆ. ಉಳಿದದ್ದನ್ನು ಪ್ರತಿ ಸಲವೂ ತೆಗೆದು ತಟ್ಟೆ ತೊಳೆಯಿರಿ. ಚಳಿಗಾಲದ ರಾತ್ರಿ ಮರಿಗೆ 26-28 ಡಿಗ್ರಿ ಬಿಸಿ ಬೇಕು. ಚಳಿಯಲ್ಲಿ ನಡುಗುವ ಮರಿ ತಿಂದದ್ದನ್ನೆಲ್ಲ ಮೈ ಕಾಯಿಸಿಕೊಳ್ಳಲು ಸುಡುತ್ತದೆ.

ಎರಡು ವಾರ ಆದ ಮೇಲೆ ಹಾಲಿನ ಪುಡಿ, ಮೀನಿನ ಪುಡಿ ಅರ್ಧಕ್ಕೆ ಇಳಿಸಿ, ಸೋಯಾ 26-28ಕ್ಕೆ ಏರಿಸಬಹುದು. ಮೂರು ನಾಲ್ಕು ದಿನ ಹಳೆಯದು ಹೊಸದು ಬೆರೆಸಿಯೇ ದಾಟಿಸಿ. ಸಗಣಿ ನೋಡುತ್ತಿರಿ. ಗಟ್ಟಿಯಾಗಿ, ಬಾಲದ ಸುತ್ತ ಒಣಗಿದ್ದರೆ ಮುಂದುವರಿಯಿರಿ. ಬಾಲದ ಬುಡ ಒದ್ದೆಯಾಗಿ ಅಂಟಿಕೊಂಡಿದ್ದರೆ ಎರಡು ದಿನದ ಮಟ್ಟಿಗೆ ಮೊದಲಿನ ಮಿಶ್ರಣಕ್ಕೇ ವಾಪಸ್ ಹೋಗಿ. ವಾರಕ್ಕೊಮ್ಮೆ ನಾಲ್ಕೈದು ಮರಿಗಳನ್ನಾದರೂ ತೂಗಿ ಬರೆದಿಡಿ. ಮುಂದಿನ ತಂಡಕ್ಕೆ ಯಾವ ಪ್ರೋಟೀನ್ ಅನ್ನುವುದನ್ನು ಆ ಪುಸ್ತಕ ನೋಡಿ, ನಿಮ್ಮೂರಿನ ದರ ಹಾಕಿ ಲೆಕ್ಕ ಮಾಡಿ. ಅಂಗಡಿಗೆ ಹೋದಾಗ ಲೈಸಿನ್ ಎಷ್ಟು ಪರ್ಸೆಂಟ್, ಥ್ರಿಯೋನಿನ್ ಸೇರಿಸಿದ್ದಾರಾ, ಕೋಳಿಯ ಔಷಧ ಏನಾದರೂ ಬೆರೆಸಿದ್ದಾರಾ ಅಂತ ಕೇಳಿ, ಬರೆಸಿಕೊಂಡು ಬನ್ನಿ.